ಗಂಟಾದ ರಕ್ತ : ಒಂದು ಅಭ್ಯಾಸ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ, ಕಮಲಾಪುರ)

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ರಕ್ತಪರೀಕ್ಷೆಯ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ವಾಚಕರು ನಗಬಹುದು. ಇತಿಹಾಸ, ಸಮಾಜಶಾಸ್ತ್ರ ಮತ್ತು ಐಚ್ಛಿಕ ಕನ್ನಡ ನನ್ನ ಅಭ್ಯಾಸದ ವಿಷಯಗಳು. ಸೂಕ್ಷ್ಮದರ್ಶಕವನ್ನು ನಾನು ಪ್ರೌಢಶಾಲೆಯಲ್ಲಿ ಒಮ್ಮೆ ಕಂಡಿದ್ದೆನೇ ಹೊರತು ಕೈಯಿಂದ ಮುಟ್ಟಿದವನಲ್ಲ. ಆದರೂ ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವುಂಟು. ಹೋದ ವರ್ಷದ ಡಿಸೆಂಬರ್ ತಿಂಗಳಲ್ಲಿ ಒಂದು ರಕ್ತನಿಧಿಯ ಕಿಟಕಿಯ ಮುಂದೆ ನಿಂತು, ಓದಿದವನೆಂಬ ಗರ್ವದಿಂದ, ನಾನು ಒಂದು ಮೂರ್ಖತನದ ಮಾತನ್ನು ಆಡಿದೆ. ಆ ಮಾತಿಗೆ ಸಿಕ್ಕ ಉತ್ತರವೇ ಈ ಲೇಖನದ ಮೂಲ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಅಪ್ಪ ಕಮಲಾಪುರದ ಕೆಂಪು ಬಾಳೆಯ ತೋಟದಲ್ಲಿ ಕೂಲಿಯಾಳು. ಅವ್ವನಿಗೆ ಸಹಿ ಮಾಡಲು ಬರುವುದಿಲ್ಲ. ಹೀಗಾಗಿ ಆಸ್ಪತ್ರೆ, ಕಚೇರಿ, ಬ್ಯಾಂಕು ಎಲ್ಲಿಗೆ ಹೋದರೂ ನಾನೇ ಮುಂದೆ, ಉಳಿದವರೆಲ್ಲ ನನ್ನ ಹಿಂದೆ. ಅವ್ವನಿಗೆ ಬಹಳ ದಿನಗಳಿಂದ ರಕ್ತಸ್ರಾವವಿದ್ದು, ಗರ್ಭಕೋಶದ ಶಸ್ತ್ರಚಿಕಿತ್ಸೆ ಆಗಬೇಕೆಂದೂ, ಅದಕ್ಕೆ ಮೊದಲು ಎರಡು ಬಾಟಲಿ ರಕ್ತ ಏರಿಸಬೇಕೆಂದೂ ಕಲಬುರಗಿಯ ವೈದ್ಯರು ಹೇಳಿದರು. ಮುಂಜಾನೆ ಅವ್ವನ ರಕ್ತದ ಮಾದರಿ ರಕ್ತನಿಧಿಗೆ ಹೋಯಿತು. ಒಂದು ತಾಸು ಕಳೆಯಿತು, ಎರಡು ತಾಸು ಕಳೆಯಿತು. ಕೊನೆಗೆ ಕಿಟಕಿಯಿಂದ ಬಂದ ಸುದ್ದಿ ಇದು: "ಯಾವ ಬಾಟಲಿನೂ ಕೂಡವಲ್ದು. ಎಲ್ಲಾ ಗಂಟಾಗಲಾಕತ್ಯಾವ."

ಈ ಒಂದು ಮಾತಿನಿಂದ ಆಸ್ಪತ್ರೆಯ ಪಡಸಾಲೆಯಲ್ಲಿ ಎಷ್ಟು ಅರ್ಥಗಳು ಹುಟ್ಟಿದವೆಂಬುದನ್ನು ನೆನೆದರೆ ಈಗಲೂ ಆಶ್ಚರ್ಯವಾಗುತ್ತದೆ. ಅವ್ವನ ತಮ್ಮನಾದ ನಮ್ಮ ಮಾಮಾ, "ಒಡಹುಟ್ಟಿದಾಂವ ನಾ ಇದ್ದೀನಿ, ನನ್ನ ರಕ್ತ ತಗೊಳ್ರಿ" ಎಂದು ತೋಳು ಚಾಚಿದರು. ಅವರ ಒತ್ತಾಯಕ್ಕೆ ಅವರ ರಕ್ತವನ್ನೂ ಪರೀಕ್ಷಿಸಿದರು, ಅದೂ ಗಂಟಾಯಿತು. ಜೊತೆಗೆ ಬಂದಿದ್ದ ಹಿರಿಯರೊಬ್ಬರು, "ಅಕ್ಕ-ತಮ್ಮಗ ರಕ್ತ ಕೂಡಲ್ಲ ಅಂದ್ರ ಏನರ್ಥ?" ಎಂದು ಮೆಲ್ಲಗೆ ಕೇಳಿದರು. ಆಯಿಯ ಮುಖ ಬಾಡಿತು. ಕಾಕಾ ಯಾರೋ ಏನೋ ಮಾಡಿಸಿದ್ದಾರೆಂದು ಗೊಣಗಿದರು. ಆಗ ನಾನು ಎಲ್ಲರನ್ನೂ ಸರಿಸಿ ಕಿಟಕಿಯ ಬಳಿ ಹೋಗಿ, ನಾಲ್ಕು ಜನರಿಗೆ ಕೇಳುವಂತೆ, "ಮೇಡಮ್ಮರೇ, ಓ ಗುಂಪಿನ ರಕ್ತ ಎಲ್ಲರಿಗೂ ನಡೆಯುತ್ತದೆಂದು ಶಾಲೆಯ ಪುಸ್ತಕದಲ್ಲೇ ಇದೆ. ಅದನ್ನಾದರೂ ಕೊಡಿರಿ, ಸುಮ್ಮನೆ ಹೊತ್ತು ಕಳೆಯಬೇಡಿರಿ" ಎಂದೆ.

ಒಳಗಿದ್ದ ತಂತ್ರಜ್ಞೆ ಸಿಟ್ಟಾಗಲಿಲ್ಲ. "ತಮ್ಮಾ, ಓ ಕಣಗಳೂ ಗಂಟಾಗ್ಯಾವ. ಕಣ್ಣ ಮುಚ್ಚಿ ಕೊಡಬೇಕೇನು? ಗಂಟು ಯಾಕಾಯ್ತು ಅಂತ ತಿಳೀಲಾರದ ಕೊಟ್ರ, ನಿಮ್ಮವ್ವಗ ರಕ್ತ ಕೊಟ್ಟಂಗ ಆಗಲ್ಲ" ಎಂದರು. ನಾನು ಬಾಯಿ ಮುಚ್ಚಿದೆ. ಅವ್ವ ಗುಣಮುಖಳಾಗಿ ಊರು ಸೇರಿದ ಮೇಲೆ ಅವರಲ್ಲಿಗೆ ಹೋಗಿ ಕ್ಷಮೆ ಕೇಳಿದೆ. ಅವರು ಬಿಡುವು ಮಾಡಿಕೊಂಡು ಎಲ್ಲವನ್ನೂ ವಿವರಿಸಿದರು. ಬಳಿಕ ಪುಸ್ತಕಗಳನ್ನು ಓದಿ ಆ ವಿವರಣೆಯನ್ನು ಬೆಳೆಸಿಕೊಂಡೆ. ಅದರ ಸಾರವನ್ನು ನನ್ನಂಥ ಕಲಾ ವಿದ್ಯಾರ್ಥಿಗಳಿಗೂ ತಿಳಿಯುವಂತೆ ಇಲ್ಲಿ ನಿವೇದಿಸುತ್ತೇನೆ.

ಗಂಟು ಎಂದರೇನು?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಕಳೆಯಬೇಕು. ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ಬೇರೆ, ಪರೀಕ್ಷೆಯಲ್ಲಿ ರಕ್ತ ಗಂಟಾಗುವುದು ಬೇರೆ. ಹೆಪ್ಪುಗಟ್ಟುವಾಗ ರಕ್ತದೊಳಗಿನ ಫೈಬ್ರಿನ್ ಎಂಬ ಎಳೆಗಳು ಬಲೆಯಂತೆ ಹೆಣೆದುಕೊಂಡು ಕಣಗಳನ್ನು ಹಿಡಿದಿಡುತ್ತವೆ. ಗಂಟಾಗುವಾಗ ಬಲೆಯೇನೂ ಇರುವುದಿಲ್ಲ. ಕೆಂಪುಕಣಗಳೇ ಒಂದಕ್ಕೊಂದು ಅಂಟಿಕೊಂಡು, ನೀರಿನಲ್ಲಿ ಸರಿಯಾಗಿ ಕಲಸದ ಹಿಟ್ಟಿನಂತೆ ಮುದ್ದೆ ಮುದ್ದೆಯಾಗುತ್ತವೆ. ಪ್ರಯೋಗಶಾಲೆಯವರು ಇದನ್ನು ಅಗ್ಲುಟಿನೇಶನ್ ಎನ್ನುತ್ತಾರೆ.

ಕೆಂಪುಕಣ ಬಹು ಚಿಕ್ಕದು. ಅದರ ಅಗಲ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಏಳೆಂಟು ಭಾಗ ಮಾತ್ರ. ಸಾಸಿವೆ ಕಾಳಿಗಿಂತಲೂ ಸಣ್ಣದಾದ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇಂಥ ನಲವತ್ತು ಐವತ್ತು ಲಕ್ಷ ಕಣಗಳಿರುತ್ತವೆ. ಪ್ರತಿಯೊಂದು ಕಣದ ಹೊರಮೈಯಲ್ಲಿ ಋಣ ವಿದ್ಯುತ್ತಿನ ಅಂಶವಿರುವುದರಿಂದ ಸಾಮಾನ್ಯವಾಗಿ ಅವು ಒಂದನ್ನೊಂದು ದೂರ ತಳ್ಳುತ್ತವೆ. ಅದೇ ಹೊರಮೈಯಲ್ಲಿ ವಂಶದಿಂದ ಬಂದ ಗುರುತುಗಳೂ ಇರುತ್ತವೆ, ಅವು ಪ್ರತಿಜನಕಗಳು. ರಕ್ತ ಹೆಪ್ಪುಗಟ್ಟಿದ ಮೇಲೆ ಬೇರ್ಪಟ್ಟು ಉಳಿಯುವ ಹಳದಿ ತಿಳಿಯೇ ಸೀರಮ್. ಪರಕೀಯ ಗುರುತುಗಳನ್ನು ಹಿಡಿಯುವ ಪ್ರತಿಕಾಯಗಳು ಇರುವುದು ಅದರಲ್ಲಿ. ಪ್ರತಿಕಾಯವೊಂದು ಒಂದು ಕೈಯಿಂದ ಈ ಕಣವನ್ನೂ ಇನ್ನೊಂದು ಕೈಯಿಂದ ಆ ಕಣವನ್ನೂ ಹಿಡಿದಾಗ ಅವೆರಡೂ ಕೂಡಿಕೊಳ್ಳುತ್ತವೆ. ಹೀಗೆ ಲಕ್ಷಾಂತರ ಕಣಗಳು ಕೂಡಿದಾಗ ಬರಿಗಣ್ಣಿಗೆ ಗಂಟು ಕಾಣುತ್ತದೆ.

ಇದನ್ನು ಕ್ರಮವಾಗಿ ಅಭ್ಯಸಿಸಿದವನು ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್. ಆತನು ತನ್ನ ರಕ್ತವನ್ನೂ ಸಹೋದ್ಯೋಗಿಗಳ ರಕ್ತವನ್ನೂ ಬಿಡಿಸಿ, ಒಬ್ಬರ ಕಣಗಳಿಗೆ ಇನ್ನೊಬ್ಬರ ಸೀರಮನ್ನು ಬೆರೆಸಿ ನೋಡಿದ. ಕೆಲವು ಗಂಟಾದವು, ಕೆಲವು ಆಗಲಿಲ್ಲ. ಗಂಟು ರೋಗದ ಲಕ್ಷಣವೆಂದು ನಂಬಿದ್ದ ಕಾಲದಲ್ಲಿ, ಆರೋಗ್ಯವಂತರ ನಡುವೆಯೂ ಅದು ಒಂದು ನಿಯಮಕ್ಕೆ ಒಳಪಟ್ಟು ನಡೆಯುತ್ತದೆಂದು ಆತನು 1901ರಲ್ಲಿ ತೋರಿಸಿದ. ಎ, ಬಿ, ಓ ಗುಂಪುಗಳು ಹೀಗೆ ತಿಳಿದುಬಂದವು. ಎಬಿ ಗುಂಪನ್ನು 1902ರಲ್ಲಿ ಡೆಕಾಸ್ಟೆಲೊ ಮತ್ತು ಸ್ಟರ್ಲಿ ಎಂಬವರು ಕಂಡರು. ಲ್ಯಾಂಡ್‌ಸ್ಟೈನರನಿಗೆ 1930ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆತನ ಜನ್ಮದಿನವಾದ ಜೂನ್ 14 ಇಂದು ವಿಶ್ವ ರಕ್ತದಾನಿಗಳ ದಿನವಾಗಿದೆ.

ಎರಡು ಸಾಕ್ಷಿಗಳು

ಲ್ಯಾಂಡ್‌ಸ್ಟೈನರನ ನಿಯಮ ಸರಳವಾದುದು. ಕಣದ ಮೇಲೆ ಯಾವ ಗುರುತು ಇಲ್ಲವೋ ಅದರ ವಿರುದ್ಧದ ಪ್ರತಿಕಾಯ ಸೀರಮಿನಲ್ಲಿ ಇರುತ್ತದೆ. ಎ ಗುಂಪಿನವರ ಸೀರಮು ಬಿ ಕಣಗಳನ್ನು ಗಂಟು ಮಾಡುತ್ತದೆ, ಬಿ ಗುಂಪಿನವರದು ಎ ಕಣಗಳನ್ನು. ಓ ಗುಂಪಿನವರ ಸೀರಮು ಎರಡನ್ನೂ ಗಂಟು ಮಾಡುತ್ತದೆ. ಎಬಿ ಗುಂಪಿನವರದು ಯಾವುದನ್ನೂ ಮಾಡುವುದಿಲ್ಲ. ಆದ್ದರಿಂದ ರಕ್ತನಿಧಿಯಲ್ಲಿ ಗುಂಪನ್ನು ಎರಡು ಬಾರಿ ಕೇಳುತ್ತಾರೆ. ಒಮ್ಮೆ ಕಣಗಳನ್ನು ಕೇಳುತ್ತಾರೆ, ಒಮ್ಮೆ ಸೀರಮನ್ನು. ಎರಡೂ ಒಂದೇ ಉತ್ತರ ಕೊಡಬೇಕು. (ಎಳೆಗೂಸುಗಳಲ್ಲಿ ಪ್ರತಿಕಾಯಗಳು ಇನ್ನೂ ಬೆಳೆದಿರುವುದಿಲ್ಲವಾದ್ದರಿಂದ ಅವರ ವಿಷಯದಲ್ಲಿ ಸೀರಮಿನ ಸಾಕ್ಷಿ ನಡೆಯುವುದಿಲ್ಲ.)

ನಮ್ಮ ಅವ್ವನ ವಿಷಯದಲ್ಲಿ ಆದದ್ದೇನು? ಅವಳ ಕಣಗಳು ಎ ವಿರೋಧಿ ದ್ರವದಲ್ಲಿಯೂ ಗಂಟಾದವು, ಬಿ ವಿರೋಧಿ ದ್ರವದಲ್ಲಿಯೂ ಗಂಟಾದವು. ಹಾಗಾದರೆ ಅವಳದು ಎಬಿ ಗುಂಪು. ಅವಳ ಸೀರಮು ಎ ಕಣಗಳನ್ನೂ ಬಿ ಕಣಗಳನ್ನೂ ಗಂಟು ಮಾಡಿತು. ಹಾಗಾದರೆ ಅವಳದು ಓ ಗುಂಪು. ಒಂದೇ ದೇಹದಿಂದ ಬಂದ ಎರಡು ಸಾಕ್ಷಿಗಳು ಒಂದನ್ನೊಂದು ಪೂರ್ತಿ ಅಲ್ಲಗಳೆಯುತ್ತಿದ್ದವು!

ಇತಿಹಾಸದ ವಿದ್ಯಾರ್ಥಿಗಳಿಗೆ ಇದು ಹೊಸತಲ್ಲ. ನಮ್ಮ ಕಲಬುರಗಿಯಲ್ಲಿ 1347ರಲ್ಲಿ ರಾಜ್ಯ ಕಟ್ಟಿದ ಬಹಮನಿ ದೊರೆಯ ಹಿನ್ನೆಲೆಯನ್ನು ಫೆರಿಷ್ತಾ ಒಂದು ವಿಧವಾಗಿ ಕಥೆ ಮಾಡಿ ಹೇಳುತ್ತಾನೆ. ನಾಣ್ಯ ಮತ್ತು ಶಾಸನಗಳು ಅದಕ್ಕೆ ಬೆಂಬಲ ಕೊಡುವುದಿಲ್ಲ. ಆಗ ನಮ್ಮ ಗುರುಗಳು ಹೇಳುವುದೇನು? ಇಷ್ಟವಾದ ಸಾಕ್ಷಿಯನ್ನು ಇಟ್ಟುಕೊಂಡು ಮತ್ತೊಂದನ್ನು ಎಸೆಯಬೇಡಿರಿ. ಸಾಕ್ಷಿ ಎಲ್ಲಿಂದ ಬಂತು, ಯಾರ ಕೈ ಹಾದು ಬಂತು, ನಡುವೆ ಏನು ಸೇರಿಕೊಂಡಿತು ಎಂಬುದನ್ನು ಮೊದಲು ವಿಚಾರಿಸಿರಿ ಎಂದು. ರಕ್ತನಿಧಿಯ ತಂತ್ರಜ್ಞರೂ ಅದನ್ನೇ ಮಾಡುತ್ತಾರೆ. ನಾನು ತರಗತಿಯಲ್ಲಿ ಬರೆದುಕೊಂಡ ಪಾಠವನ್ನು ಅವರು ಕೆಲಸದಲ್ಲಿ ನಡೆಸುತ್ತಿದ್ದರು, ನಾನು ಮಾತ್ರ ಅದನ್ನು ಮರೆತಿದ್ದೆ.

ವಿಚಾರಣೆಯ ಕ್ರಮ

ನಿರೀಕ್ಷಿಸದ ಗಂಟು ಕಂಡಾಗ ತಂತ್ರಜ್ಞರು ಹಾಕಿಕೊಳ್ಳುವ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಸುಲಭವಾದ, ಆದರೆ ಅಪಾಯಕಾರಿಯಾದ ತಪ್ಪಿನಿಂದ ಆರಂಭಿಸಿ, ಅಪರೂಪದ ಕಾರಣದ ಕಡೆಗೆ ಅವರು ಸಾಗುತ್ತಾರೆ.

1. ಈ ರಕ್ತ ಆ ರೋಗಿಯದೇ ಹೌದೇ? ತಪ್ಪು ಗುಂಪಿನ ರಕ್ತ ರೋಗಿಯ ಮೈಸೇರಲು ಎಲ್ಲಕ್ಕಿಂತ ಹೆಚ್ಚಾಗಿ ಕಾರಣವಾಗುವುದು ವಿಜ್ಞಾನದ ತೊಡಕಲ್ಲ; ರೋಗಿಯನ್ನೋ ಟ್ಯೂಬನ್ನೋ ಗುರುತಿಸುವಲ್ಲಿ ಆಗುವ ತಪ್ಪು. ಒಂದೇ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ಇರುವುದು ನಮ್ಮ ಕಡೆ ಎಷ್ಟು ಸಹಜವೆಂಬುದನ್ನು ಹೇಳಬೇಕಿಲ್ಲ. ಸಂಶಯ ಬಂದರೆ ಮಾದರಿಯನ್ನು ಹೊಸದಾಗಿ ತೆಗೆಯುವುದೇ ಸರಿ. ಅವ್ವನಿಂದ ಎರಡನೆಯ ಸಲ ರಕ್ತ ತೆಗೆದಾಗ, "ಮತ್ತ ಯಾಕ ಚುಚ್ಚತಾರ?" ಎಂದು ನಾವು ಜಗಳ ತೆಗೆದಿದ್ದೆವು!

2. ಸಲಕರಣೆ ಶುದ್ಧವಾಗಿದೆಯೇ? ಟ್ಯೂಬು ಕೊಳೆಯಾಗಿದ್ದರೆ, ಉಪ್ಪುನೀರು ಕೆಟ್ಟಿದ್ದರೆ, ಸೆಂಟ್ರಿಫ್ಯೂಜ್ ಯಂತ್ರ ಹೆಚ್ಚು ಹೊತ್ತು ತಿರುಗಿ ಕಣಗಳನ್ನು ಗಟ್ಟಿಯಾಗಿ ಅದುಮಿದ್ದರೆ ಸುಳ್ಳು ಗಂಟು ಕಾಣಬಹುದು. ಗುಂಪು ಮೊದಲೇ ಗೊತ್ತಿರುವ ರಕ್ತದ ಮೇಲೆ ಅದೇ ದ್ರವಗಳನ್ನು ಪ್ರಯೋಗಿಸಿ, ದ್ರವಗಳು ನಿಜ ಹೇಳುತ್ತಿವೆಯೇ ಎಂದು ನೋಡುತ್ತಾರೆ.

3. ಇದು ನಿಜವಾದ ಗಂಟೇ? ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೆಲವು ಸಲ ಕಣಗಳು ಅಡ್ಡಾದಿಡ್ಡಿ ಮುದ್ದೆಯಾಗಿರದೆ, ಒಂದರ ಮೇಲೊಂದು ಪೇರಿಸಿಟ್ಟ ನಾಣ್ಯಗಳಂತೆ ಸಾಲಾಗಿ ಕಾಣುತ್ತವೆ. ಇದಕ್ಕೆ ರೂಲೊ ಎಂದು ಹೆಸರು. ಸೀರಮಿನಲ್ಲಿ ಪ್ರೋಟೀನು ಅತಿಯಾದಾಗ, ಉದಾಹರಣೆಗೆ ಮಲ್ಟಿಪಲ್ ಮೈಲೊಮಾ ಎಂಬ ಮಜ್ಜೆಯ ಕ್ಯಾನ್ಸರಿನಲ್ಲಿ, ಹೀಗಾಗುತ್ತದೆ. ಸೀರಮನ್ನು ತೆಗೆದು ಆ ಜಾಗದಲ್ಲಿ ಉಪ್ಪುನೀರು ಹಾಕಿದರೆ ನಾಣ್ಯದ ಸಾಲು ಚದುರುತ್ತದೆ. ನಿಜವಾದ ಗಂಟು ಚದುರುವುದಿಲ್ಲ. ಹಸುಗೂಸಿನ ಹೊಕ್ಕುಳಬಳ್ಳಿಯಿಂದ ತೆಗೆದ ರಕ್ತದಲ್ಲಿ ಬಳ್ಳಿಯ ಲೋಳೆ ಸೇರಿದರೂ ಕಣಗಳು ಅಂಟಿಕೊಂಡಂತೆ ಕಾಣುವುದುಂಟು. ಚೆನ್ನಾಗಿ ತೊಳೆದರೆ ಅದು ಬಿಡುತ್ತದೆ.

4. ತನ್ನ ರಕ್ತ ತನಗೇ ಗಂಟಾಗುತ್ತದೆಯೇ? ಎಲ್ಲಕ್ಕಿಂತ ಚತುರವಾದ ಪ್ರಶ್ನೆ ಇದು. ರೋಗಿಯ ಸೀರಮನ್ನು ರೋಗಿಯದೇ ಕಣಗಳಿಗೆ ಬೆರೆಸುತ್ತಾರೆ. ಗಂಟಾಗದಿದ್ದರೆ, ರೋಗಿಯ ಪ್ರತಿಕಾಯ ಹುಡುಕುತ್ತಿರುವುದು ಪರರ ಗುರುತನ್ನು. ಗಂಟಾದರೆ, ತೊಡಕು ದಾನಿಯ ಬಾಟಲಿಯಲ್ಲಿ ಮಾತ್ರ ಇಲ್ಲ. ರೋಗಿಯ ರಕ್ತದಲ್ಲಿಯೇ ಅದರ ಕಾರಣವನ್ನು ಹುಡುಕಬೇಕು.

5. ಯಾವ ಉಷ್ಣತೆಯಲ್ಲಿ? ಕೆಲವು ಪ್ರತಿಕಾಯಗಳು ತಂಪಿನಲ್ಲಿ ಚುರುಕಾಗಿ, ದೇಹದ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸೋಲುತ್ತವೆ. ಕೆಲವು ದೇಹದ ಉಷ್ಣತೆಯಲ್ಲಿಯೇ ಕೆಲಸ ಮಾಡುತ್ತವೆ. ರೋಗಿಗೆ ಹಾನಿ ಮಾಡುವವು ಹೆಚ್ಚಾಗಿ ಈ ಎರಡನೆಯ ಬಗೆಯವು.

6. ರೋಗಿಯ ಪೂರ್ವಕಥೆ ಏನು? ಹಿಂದೆ ರಕ್ತ ಏರಿಸಿದ್ದರೇ, ಎಷ್ಟು ಹೆರಿಗೆಗಳಾಗಿವೆ, ಇತ್ತೀಚೆಗೆ ಜ್ವರ ಬಂದಿತ್ತೇ, ಯಾವ ಔಷಧ ನಡೆದಿದೆ ಎಂದು ವಿಚಾರಿಸುತ್ತಾರೆ. ಈಚಿನ ವರ್ಷಗಳಲ್ಲಿ ಮೈಲೊಮಾ ರೋಗಕ್ಕೆ ಕೊಡುತ್ತಿರುವ ಡಾರಾಟುಮುಮ್ಯಾಬ್ ಎಂಬ ಔಷಧ ಸ್ವತಃ ಒಂದು ಪ್ರತಿಕಾಯ. ಅದು ಕೆಂಪುಕಣಗಳಿಗೂ ಅಂಟುವುದರಿಂದ ಆ ರೋಗಿಯ ಸೀರಮು ಎಲ್ಲ ದಾನಿಗಳ ಕಣಗಳೊಡನೆಯೂ ಪ್ರತಿಕ್ರಿಯೆ ತೋರಿಸುತ್ತದೆ. ಔಷಧದ ವಿಷಯ ರಕ್ತನಿಧಿಗೆ ತಿಳಿಸದಿದ್ದರೆ ಅವರು ಇಲ್ಲದ ಶತ್ರುವನ್ನು ಹುಡುಕುತ್ತ ದಿನಗಳನ್ನು ಕಳೆಯಬೇಕಾಗುತ್ತದೆ.

ಇಷ್ಟಕ್ಕೂ ಕಣ್ಣಿಗೆ ಗಂಟು ಕಾಣದಿದ್ದ ಮಾತ್ರಕ್ಕೆ ಎಲ್ಲ ಸರಿಯೆಂದು ಹೇಳುವಂತಿಲ್ಲ. ದೊಡ್ಡ ಪ್ರತಿಕಾಯಗಳಿಗೆ ಹತ್ತು ಹಿಡಿಗಳಿದ್ದು, ಅವು ದೂರದ ಕಣಗಳನ್ನೂ ಎಳೆದು ತರುತ್ತವೆ. ಚಿಕ್ಕವುಗಳಿಗೆ ಎರಡೇ ಕೈ. ಅವು ಕಣಕ್ಕೆ ಅಂಟಿದರೂ ಪಕ್ಕದ ಕಣಕ್ಕೆ ಕೈ ಎಟುಕದೆ ಮರೆಯಾಗಿ ಕುಳಿತಿರುತ್ತವೆ. ಅವುಗಳನ್ನು ಬಯಲಿಗೆಳೆಯುವ ಪರೀಕ್ಷೆಯನ್ನು ಇಂಗ್ಲೆಂಡಿನ ಕೂಂಬ್ಸ್, ಮೂರಂಟ್ ಮತ್ತು ರೇಸ್ ಎಂಬ ಮೂವರು 1945ರಲ್ಲಿ ಪ್ರಕಟಿಸಿದರು. ಕೂಂಬ್ಸ್ ಪರೀಕ್ಷೆ ಎಂದು ಇಂದಿಗೂ ಅದು ಎಲ್ಲ ರಕ್ತನಿಧಿಗಳಲ್ಲಿ ನಡೆಯುತ್ತಿದೆ.

ಹುರುಳಿಕಾಳಿನ ಸಾಕ್ಷ್ಯ

ಈ ವಿಚಾರಣೆಯಲ್ಲಿ ನಮ್ಮ ಅಡಿಗೆಮನೆಯ ಹುರುಳಿಯೂ ಸಹಾಯಕ್ಕೆ ಬಂದಿದೆಯೆಂದರೆ ವಾಚಕರಿಗೆ ಸೋಜಿಗವಾದೀತು. ಎ ಗುಂಪಿನಲ್ಲಿಯೇ ಎ1, ಎ2 ಎಂಬ ಒಳಭೇದಗಳಿವೆ. ಎ2 ಬಗೆಯ ಕೆಲವರ ಸೀರಮಿನಲ್ಲಿ ಎ1 ಕಣಗಳ ವಿರುದ್ಧ ಪ್ರತಿಕಾಯವಿದ್ದು, ಎ ಗುಂಪಿನವರಿಗೆ ಎ ರಕ್ತವೇ ಗಂಟಾಗುವ ವಿಚಿತ್ರ ಒದಗುತ್ತದೆ. ಹುರುಳಿಕಾಳಿನ ಸಾರ ಎ1 ಕಣಗಳನ್ನು ಬಲವಾಗಿ ಗಂಟು ಮಾಡಿ, ಎ2 ಕಣಗಳನ್ನು ಬಿಡುವಂತೆ ಹದಗೊಳಿಸಬಹುದು. ಹುರುಳಿಯ ಈ ಗುಣವನ್ನು ಭಾರತದಲ್ಲಿ ಕೆಲಸ ಮಾಡುತ್ತಿದ್ದ ಜಿ. ಡಬ್ಲ್ಯು. ಜಿ. ಬರ್ಡ್ ಎಂಬ ವೈದ್ಯರು 1951ರಲ್ಲಿ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದು ಜಗತ್ತಿನ ಎಷ್ಟೋ ರಕ್ತನಿಧಿಗಳಲ್ಲಿ ಹುರುಳಿಯಿಂದ ತೆಗೆದ ದ್ರವ ಶೀತಪೆಟ್ಟಿಗೆಯಲ್ಲಿ ಇರುತ್ತದೆ.

ಗಂಟಿನಿಂದ ತಿಳಿದ ಎರಡು ಸತ್ಯಗಳು

ನಿರೀಕ್ಷಿಸದ ಗಂಟನ್ನು ಅಲಕ್ಷಿಸದೆ ಬೆನ್ನು ಹತ್ತಿದವರಿಂದ ಜಗತ್ತಿಗೆ ಎಂಥ ಉಪಕಾರವಾಗಿದೆಯೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ.

ಮೊದಲನೆಯದು ಅಮೆರಿಕೆಯದು. ಸತ್ತ ಶಿಶುವನ್ನು ಹೆತ್ತ ತಾಯಿಯೊಬ್ಬಳಿಗೆ ಗಂಡನ ರಕ್ತ ಕೊಟ್ಟರು. ಇಬ್ಬರದೂ ಓ ಗುಂಪೇ; ಆದರೂ ಆಕೆಗೆ ತೀವ್ರವಾದ ತೊಂದರೆಯಾಯಿತು. ಲೆವಿನ್ ಮತ್ತು ಸ್ಟೆಟ್ಸನ್ ಆಕೆಯ ಸೀರಮನ್ನು ಪರೀಕ್ಷಿಸಿದಾಗ ಅದು ಗಂಡನ ಕಣಗಳನ್ನೂ, ಗುಂಪು ಹೊಂದುವ 104 ಜನರಲ್ಲಿ 80 ಜನರ ಕಣಗಳನ್ನೂ ಗಂಟು ಮಾಡಿತು. 1939ರಲ್ಲಿ ಅವರು ಇದನ್ನು ಪ್ರಕಟಿಸಿದರು. ಶಿಶು ತಂದೆಯಿಂದ ಪಡೆದ ಗುರುತೊಂದಕ್ಕೆ ತಾಯಿಯ ದೇಹ ಪ್ರತಿಕಾಯ ಬೆಳೆಸಿತ್ತೆಂದು ಅವರು ಊಹಿಸಿದರು. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಆರ್‌ಎಚ್ ಗುರುತನ್ನು ಪ್ರಕಟಿಸಿದರು. ನಮ್ಮ ಗುಂಪಿನ ಹೆಸರಿನ ಮುಂದೆ 'ಪಾಸಿಟಿವ್', 'ನೆಗೆಟಿವ್' ಎಂದು ಬರೆಯುವುದು ಈ ಗುರುತಿನಿಂದಾಗಿ.

ಎರಡನೆಯದು ನಮ್ಮ ನೆರೆಯ ಮುಂಬಯಿಯದು. ಅಲ್ಲಿಯ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಕೆಲವರ ರಕ್ತವನ್ನು ಪರೀಕ್ಷಿಸುವಾಗ ಒಂದು ವಿಚಿತ್ರವನ್ನು ಕಂಡರು. ಕಣಗಳನ್ನು ಕೇಳಿದರೆ ಅವು ಓ ಗುಂಪಿನವೆಂದು ಹೇಳುತ್ತವೆ. ಆದರೆ ಅವರ ಸೀರಮು ಓ ಗುಂಪಿನ ಕಣಗಳನ್ನೇ ಗಂಟು ಮಾಡುತ್ತದೆ! ಲಂಡನ್ನಿನ ತಜ್ಞರ ಸಹಕಾರದೊಡನೆ 1952ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಇದೇ ಇಂದು ಲೋಕಪ್ರಸಿದ್ಧವಾದ ಬಾಂಬೆ ರಕ್ತದ ಗುಂಪು. ಎ ಮತ್ತು ಬಿ ಗುರುತುಗಳೆರಡಕ್ಕೂ ತಳಹದಿಯಾಗಿ ಎಚ್ ಎಂಬ ಗುರುತು ಇರುತ್ತದೆ. ಓ ಗುಂಪಿನವರಲ್ಲಿಯೂ ಅದುಂಟು. ಬಾಂಬೆ ಗುಂಪಿನವರಲ್ಲಿ ಆ ತಳಹದಿಯೇ ಇಲ್ಲ. ಆದ್ದರಿಂದ ಅವರ ಸೀರಮಿನಲ್ಲಿ ಎಚ್ ಗುರುತಿನ ವಿರುದ್ಧವೂ ಪ್ರತಿಕಾಯವಿದ್ದು, ಅದು ದೇಹದ ಉಷ್ಣತೆಯಲ್ಲಿ ಕೆಲಸ ಮಾಡುತ್ತದೆ. ಅಂಥವರಿಗೆ ಓ ರಕ್ತ ಕೊಟ್ಟರೆ ಪ್ರಾಣಾಪಾಯ. ಬಾಂಬೆ ಗುಂಪಿನವರ ರಕ್ತವೇ ಅವರಿಗೆ ಬೇಕು. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರೂ, ಯೂರೋಪಿನಲ್ಲಿ ಸುಮಾರು ಹತ್ತು ಲಕ್ಷಕ್ಕೆ ಒಬ್ಬರೂ ಇಂಥವರು ಇರುತ್ತಾರೆಂದು ಹೇಳುತ್ತಾರೆ.

ಇಲ್ಲಿ ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದಿದೆ. ತಾಯಿ ತಂದೆ ಇಬ್ಬರಿಂದಲೂ ಆ ಅಪರೂಪದ ವಂಶಾಂಶ ಬಂದಾಗ ಮಾತ್ರ ಮಗು ಬಾಂಬೆ ಗುಂಪಿನದಾಗುತ್ತದೆ. ಸೋದರಮಾವನಿಗೂ ಸೋದರತ್ತೆಯ ಮಗನಿಗೂ ಹೆಣ್ಣು ಕೊಡುವ ನಮ್ಮ ಸೀಮೆಯಲ್ಲಿ ಒಂದೇ ಮನೆತನದ ವಂಶಾಂಶಗಳು ಹೀಗೆ ಕೂಡುವ ಸಂಭವ ಹೆಚ್ಚು. ಕಣದ ಪರೀಕ್ಷೆಯೊಂದನ್ನೇ ಮಾಡಿ ಸೀರಮಿನ ಪರೀಕ್ಷೆಯನ್ನು ಬಿಟ್ಟರೆ ಇವರು ಓ ಗುಂಪಿನವರೆಂದೇ ದಾಖಲಾಗುತ್ತಾರೆ. ಕಿಟಕಿಯ ಮುಂದೆ ನಿಂತು "ಓ ಕೊಡಿರಿ" ಎಂದು ಕೂಗಿದ ನನಗೆ ಈ ಸಂಗತಿ ಗೊತ್ತಿರಲಿಲ್ಲ. ಅತಿಯಾದ ರಕ್ತಸ್ರಾವವಾಗಿ ಪ್ರಾಣ ಹೋಗುವ ಸಮಯದಲ್ಲಿ ಪರೀಕ್ಷೆ ಮುಗಿಯುವ ಮುನ್ನವೇ ಓ ಕಣಗಳನ್ನು ಕೊಡುವುದುಂಟು, ನಿಜ. ಆದರೆ ಅದು ಲಾಭ-ಹಾನಿಗಳನ್ನು ತೂಗಿ ವೈದ್ಯರು ಮಾಡುವ ತೀರ್ಮಾನ, ಪಡಸಾಲೆಯಲ್ಲಿ ಕೂಗುವವನ ತೀರ್ಮಾನವಲ್ಲ.

ಅವ್ವನ ಗಂಟು ಬಿಚ್ಚಿದ ಬಗೆ

ಹಾಗಾದರೆ ನಮ್ಮ ಅವ್ವನದು ಯಾವ ಗಂಟು? ಹೊಸ ಮಾದರಿ ತೆಗೆದರೂ ಗಂಟು ಹಾಗೆಯೇ ಇತ್ತು. ದ್ರವಗಳು ಸರಿಯಾಗಿದ್ದವು. ನಾಣ್ಯದ ಸಾಲೂ ಅಲ್ಲ. ಆದರೆ ಅವಳದೇ ಸೀರಮು ಅವಳದೇ ಕಣಗಳನ್ನು ಗಂಟು ಮಾಡಿತು. ಆಗ ತಂತ್ರಜ್ಞೆ ಕಿಟಕಿಗೆ ಬಂದು ಅಪ್ಪನನ್ನು, "ಹೋದ ತಿಂಗಳು ಇವರಿಗೆ ಜ್ವರ, ಕೆಮ್ಮು ಏನರ ಬಂದಿತ್ತೇನ್ರಿ?" ಎಂದು ಕೇಳಿದರು. ಹೌದು, ಮೂರು ವಾರಗಳ ಹಿಂದೆ ಅವ್ವ ಎದೆಯ ಕಫದಿಂದ ಹಾಸಿಗೆ ಹಿಡಿದಿದ್ದಳು. ಆ ಸಂಗತಿಗೂ ರಕ್ತಕ್ಕೂ ಸಂಬಂಧವಿರಬಹುದೆಂದು ನಮಗೆ ಹೊಳೆದೇ ಇರಲಿಲ್ಲ.

ಆಗ ಅವರು ಅವ್ವನ ರಕ್ತದ ಟ್ಯೂಬನ್ನು ನನಗೆ ತೋರಿಸಿದರು. ಅದರ ಗೋಡೆಗೆ ಕೆಂಪು ಮರಳು ಅಂಟಿದಂತೆ ಕಾಣುತ್ತಿತ್ತು. ಕೈಗವಸು ತೊಟ್ಟ ಮುಷ್ಟಿಯೊಳಗೆ ಅದನ್ನು ಬಿಗಿಯಾಗಿ ಹಿಡಿದು ನಿಂತರು. ಕೆಲವು ನಿಮಿಷಗಳಾದ ಮೇಲೆ ಮುಷ್ಟಿ ಬಿಚ್ಚಿ ಟ್ಯೂಬನ್ನು ಓರೆ ಮಾಡಿದರು. ಮರಳು ಬಹುಮಟ್ಟಿಗೆ ಕರಗಿ, ರಕ್ತ ನುಣ್ಣಗೆ ಹರಿಯುತ್ತಿತ್ತು. ಅವ್ವನ ಮೈಯಲ್ಲಿ ಆ ಕಫದ ಬೇನೆಯ ನಂತರ ತಂಪಿನಲ್ಲಿ ಮಾತ್ರ ಚುರುಕಾಗುವ ಪ್ರತಿಕಾಯಗಳು ಹುಟ್ಟಿದ್ದವು. ಮೈಕೊಪ್ಲಾಸ್ಮಾ ಎಂಬ ಜೀವಾಣುವಿನಿಂದ ಬರುವ ಶ್ವಾಸಕೋಶದ ಬೇನೆಯಾದ ಎರಡು ಮೂರು ವಾರಗಳಲ್ಲಿ ಹೀಗಾಗುವುದುಂಟು. ಡಿಸೆಂಬರಿನ ಮುಂಜಾನೆಯ ತಂಪಿನಲ್ಲಿ ಅವು ತಮ್ಮ ಕಣಗಳನ್ನೂ ಪರರ ಕಣಗಳನ್ನೂ ಭೇದವಿಲ್ಲದೆ ಗಂಟು ಮಾಡಿದ್ದವು. ಮಾಮಾನ ಓ ಕಣಗಳು ಗಂಟಾದದ್ದೂ ಇದರಿಂದಲೇ ಹೊರತು ರಕ್ತಸಂಬಂಧದ ಕೊರತೆಯಿಂದಲ್ಲ.

ಬಳಿಕ ಅವರು ಕಣಗಳನ್ನು 37 ಡಿಗ್ರಿಯ ಬೆಚ್ಚಗಿನ ಉಪ್ಪುನೀರಿನಲ್ಲಿ ಹಲವು ಸಲ ತೊಳೆದು ಮತ್ತೆ ಕೇಳಿದರು. ಈಗ ಅವು ಬಿ ವಿರೋಧಿ ದ್ರವದಲ್ಲಿ ಮಾತ್ರ ಗಂಟಾದವು. ಬೆಚ್ಚಗೆ ಮಾಡಿದ ಸೀರಮು ಎ ಕಣಗಳನ್ನು ಮಾತ್ರ ಗಂಟು ಮಾಡಿತು. ಎರಡು ಸಾಕ್ಷಿಗಳೂ ಒಂದಾದವು: ಅವ್ವನದು ಬಿ ಗುಂಪು. ಬಿ ಗುಂಪಿನ ಬಾಟಲಿಗಳೊಡನೆ ಬೆಚ್ಚಗಿನ ಪರೀಕ್ಷೆ, ಕೂಂಬ್ಸ್ ಪರೀಕ್ಷೆ ಎಲ್ಲ ಮುಗಿದು ಸಂಜೆಯ ಹೊತ್ತಿಗೆ ರಕ್ತ ಬಂತು. ವೈದ್ಯರು ಅವ್ವನಿಗೆ ಕಂಬಳಿ ಹೊದಿಸಿ, ರಕ್ತವನ್ನು ಬೆಚ್ಚಗೆ ಮಾಡುವ ಉಪಕರಣದ ಮೂಲಕ ನಿಧಾನವಾಗಿ ಏರಿಸಿದರು.

ವಿದ್ಯಾರ್ಥಿ ಮಿತ್ರರಲ್ಲಿ ಬಿನ್ನಹ

ಅವ್ವನ ಗಂಟೂ ಬಾಂಬೆ ಗುಂಪಿನ ಗಂಟೂ ಮೊದಲ ನೋಟಕ್ಕೆ ಒಂದೇ ತೆರನಾದವು: ಎರಡೂ ಕಡೆ ಓ ಕಣಗಳೇ ಗಂಟಾಗಿದ್ದವು. ಒಂದು ಮುಷ್ಟಿಯ ಬಿಸುಪಿಗೆ ಕರಗುವಂಥದು. ಮತ್ತೊಂದು ಅಲಕ್ಷಿಸಿದರೆ ಪ್ರಾಣ ತೆಗೆಯುವಂಥದು. ಇವೆರಡನ್ನೂ ಬೇರ್ಪಡಿಸುವುದು ಕ್ರಮತಪ್ಪದ ವಿಚಾರಣೆಯೊಂದೇ. ಅದಕ್ಕೆ ಹೊತ್ತು ಬೇಕು. ಆ ಹೊತ್ತನ್ನು ಕೊಡುವುದು ನಮ್ಮ ಪಾಲಿನ ಕೆಲಸ.

ನಾವು ಇನ್ನೂ ಮಾಡಬಹುದಾದುದುಂಟು. ಹಿಂದಿನ ಆಸ್ಪತ್ರೆಯ ಚೀಟಿಗಳನ್ನು ಎಸೆಯದೆ ಇಟ್ಟುಕೊಂಡು ತೋರಿಸೋಣ. ಹಿಂದೆ ರಕ್ತ ಏರಿಸಿದ್ದು, ಹೆರಿಗೆ ಅಥವಾ ಗರ್ಭಪಾತವಾದದ್ದು, ಈಗ ನಡೆದಿರುವ ಔಷಧ ಇವುಗಳನ್ನು ಮುಚ್ಚಿಡದೆ ಹೇಳೋಣ. ಒಡಹುಟ್ಟಿದವರ ಗುಂಪು ಬೇರೆಯಾಗಿರುವುದು ಸಹಜವೆಂದು ಮನೆಯ ಹಿರಿಯರಿಗೆ ತಿಳಿಸೋಣ. ಸಮೀಪದ ರಕ್ತಸಂಬಂಧಿಯ ರಕ್ತವೇ ಶ್ರೇಷ್ಠವೆಂಬ ನಂಬಿಕೆಯೂ ಸರಿಯಲ್ಲ. ಅಂಥ ರಕ್ತದ ಬಿಳಿಕಣಗಳು ರೋಗಿಯ ದೇಹದಲ್ಲಿ ನೆಲೆಯೂರಿ ಹಾನಿ ಮಾಡುವ ಅಪಾಯವಿರುವುದರಿಂದ ಅದನ್ನು ವಿಕಿರಣಕ್ಕೆ ಒಡ್ಡಿಯೇ ಕೊಡಬೇಕಾಗುತ್ತದೆ. ಹಣಕ್ಕೆ ರಕ್ತ ಮಾರುವ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನಿಂದಾಗಿ ನಮ್ಮ ದೇಶದಲ್ಲಿ ನಿಲ್ಲಿಸಲಾಗಿದೆ. ಹೀಗಿರುವಾಗ ಕಪಾಟಿನಲ್ಲಿ ಬಾಟಲಿ ಇರಬೇಕಾದರೆ ಯಾರೋ ಮೊದಲೇ ಬಂದು ಕೊಟ್ಟಿರಬೇಕು. 18 ವರ್ಷ ತುಂಬಿದ, 45 ಕಿಲೋಗ್ರಾಂ ತೂಕದ, ಹಿಮೊಗ್ಲೋಬಿನ್ 12.5 ಗ್ರಾಂ ಇರುವ ಆರೋಗ್ಯವಂತರು ಕೊಡಬಹುದು. ಗಂಡಸರು 90 ದಿನಗಳಿಗೊಮ್ಮೆ, ಹೆಂಗಸರು 120 ದಿನಗಳಿಗೊಮ್ಮೆ. ಅವ್ವನಿಗೆ ಏರಿದ ಎರಡು ಬಾಟಲಿಗಳನ್ನು ಕೊಟ್ಟವರು ಯಾರೆಂದು ನಮಗೆ ತಿಳಿಯದು, ಎಂದೂ ತಿಳಿಯುವುದಿಲ್ಲ. ಆ ಋಣಕ್ಕಾಗಿ ಈ ವರ್ಷ ನಾನು ಎರಡು ಸಲ ರಕ್ತ ಕೊಟ್ಟಿದ್ದೇನೆ.

ಕೊನೆಗೆ ಒಂದು ಮಾತು. ಇದನ್ನೆಲ್ಲ ಓದಿ ತಿಳಿದ ಮೇಲೆ ಅವ್ವನಿಗೆ ವಿವರಿಸಬೇಕೆಂದು ಒಂದು ಸಂಜೆ ಕಮಲಾಪುರದ ಮನೆಯಲ್ಲಿ ಕುಳಿತೆ. ಪ್ರತಿಕಾಯ, ಪ್ರತಿಜನಕ ಎಂದು ಏನೇನೋ ಹೇಳುತ್ತ ಎಡವುತ್ತಿದ್ದೆ. ಅವ್ವ ನಡುವೆಯೇ, "ಚಳಿಗಾಲದಾಗ ಕೊಬ್ರಿ ಎಣ್ಣಿ ಬಾಟ್ಲಿಯಾಗ ಬಿಗೀತದಲ್ಲ, ಬಿಸಲಿಗಿಟ್ರ ಕರಗತದಲ್ಲ, ಹಂಗೇನು?" ಎಂದಳು. ಹೋಲಿಕೆ ಪೂರ್ತಿ ಸರಿಯಲ್ಲವೆಂದು ಹೇಳಲು ಬಾಯಿ ತೆರೆದೆ. ಕಿಟಕಿಯ ಮುಂದೆ ಆಡಿದ ಮಾತು ನೆನಪಾಯಿತು.

"ಹೂಂನವ್ವಾ, ಬಹುಮಟ್ಟಿಗೆ ಹಂಗೇ" ಎಂದೆ.